ಹರಿವಾಣದಲ್ಲಿ ಕದಲಿದ ಹಾಳೆ

ಮೈಸೂರಿನಲ್ಲಿ ಸಂಶೋಧನೆ ಮಾಡುವ ಮಗಳು ಆಯುಧಪೂಜೆಯ ದಿನ ಬೆಳಿಗ್ಗೆ ಹಳೇಬೀಡಿಗೆ ಬಂದಿಳಿದಾಗ ಕೈಯಲ್ಲೊಂದು ಗಾಜಿನ ತುಂಡಿತ್ತು. ಅದರ ಮೇಲೆ ಜೇನಿನ ಬಣ್ಣದ ತೆಳು ಹಾಳೆ. ಪಾಲಿಇಮೈಡ್ ಅನ್ನುವ ಒಂದು ಬಗೆಯ ಪ್ಲಾಸ್ಟಿಕ್ ಅಂತೆ. ಎರಡು ಪುಡಿ ಕರಗಿಸಿ, ಪಾಕದ ಹಾಗೆ ಮಂದವಾದದ್ದನ್ನು ಗಾಜಿನ ಮೇಲೆ ಹರಡಿ, ಕಾವು ಸ್ವಲ್ಪಸ್ವಲ್ಪವೇ ಏರಿಸಿ ಬೇಯಿಸುವುದಂತೆ. ಬೆಂದ ಮೇಲೆ ಬೆಂಕಿಗೂ ಜಗ್ಗುವುದಿಲ್ಲ. ಗಾಜನ್ನೂ ಬಿಡುವುದಿಲ್ಲ, ಅದೇ ತೊಂದರೆ. ಇವಳು ಬಿಡಿಸಿದ್ದೆಲ್ಲ ಹರಿದುಹೋಗಿತ್ತು. ಈ ಸಲವೂ ಇಡಿಯಾಗಿ ಬಾರದಿದ್ದರೆ ವಿಷಯವನ್ನೇ ಬದಲಾಯಿಸು ಎಂದಿದ್ದರಂತೆ ಅವಳ ಗೈಡ್.

ಬಂದವಳೇ ನನ್ನ ಹಿತ್ತಾಳೆ ಹರಿವಾಣಕ್ಕೆ ನೀರು ಹಾಕಿ, ಗಾಜನ್ನು ನೆನೆಸಿಟ್ಟು ಸ್ನಾನಕ್ಕೆ ಹೋದಳು. ನೀರು ಅಡಿಗೆ ನುಗ್ಗಿದರೆ ಹಾಳೆ ಏಳಬೇಕಂತೆ. ಅವಳು ಬರುವಷ್ಟರಲ್ಲಿ ನಮ್ಮತ್ತೆ ಅದನ್ನು ಹರಿವಾಣದ ಸಮೇತ ಕುಡುಗೋಲು, ಈಳಿಗೆಮಣೆ, ಸ್ಕೂಟರಿನ ಕೀ ಜೊತೆ ದೇವರ ಮುಂದಿಟ್ಟು, ಗಾಜಿನ ಅಂಚಿಗೆ ಕುಂಕುಮ ಹಚ್ಚಿ, ಮೇಲೊಂದು ಸೇವಂತಿಗೆ ಹಾಕಿ ಮಂಗಳಾರತಿ ಮುಗಿಸಿದ್ದರು.

"ಅಜ್ಜೀ, ಅದು ಆಯುಧ ಅಲ್ಲ!"

"ನಿಮ್ಮಪ್ಪನ ಸ್ಕೂಟರ್ ಏನು ಕತ್ತಿಯೇನೇ?"

"ನಾನದನ್ನ ಈಗ ಬಿಡಿಸ್ಬೇಕು."

"ಪೂಜೆಗೆ ಕೂತಿದ್ದನ್ನ ಇವತ್ತು ಮುಟ್ಟಂಗಿಲ್ಲ ಕಣೇ. ನಾಳೆ ಕದಲಿಸಿದ ಮೇಲೆ."

ವಿಜಯದಶಮಿಯ ಬೆಳಿಗ್ಗೆ ಅತ್ತೆ ಒಂದೊಂದನ್ನೂ ಬೆರಳಿನಿಂದ ಚೂರು ಸರಿಸಿ ಪೂಜೆ ಕದಲಿಸುವ ತನಕ ನಮ್ಮಲ್ಲಿ ತರಕಾರಿಯನ್ನೂ ಹೆಚ್ಚುವುದಿಲ್ಲ. ಮಗಳು ನನ್ನ ಮುಖ ನೋಡಿದಳು. "ಬೂದುಗುಂಬಳ ತಂದು ಅದರ ಮೇಲೆ ಒಡೀಲಿಲ್ಲವಲ್ಲ, ಪುಣ್ಯ" ಎಂದೆ. ಅವಳು ನಗಲಿಲ್ಲ. ಸಂಜೆಯವರೆಗೂ ದೇವರಮನೆ ಹೊಸ್ತಿಲಲ್ಲಿ ಹರಿವಾಣ ಕಾಯುತ್ತಾ ಕೂತಳು. ಅತ್ತೆ ಅದನ್ನು ಭಕ್ತಿ ಎಂದುಕೊಂಡರು.

ಮಾರನೇ ಬೆಳಿಗ್ಗೆ ಅತ್ತೆ ಕುಡುಗೋಲು ಕದಲಿಸಿದರು, ಈಳಿಗೆಮಣೆ ಕದಲಿಸಿದರು, ಹರಿವಾಣವನ್ನು ಒಂಚೂರು ತಳ್ಳಿದರು. ನೀರು ತುಳುಕಿತು. ಹಾಳೆ ಗಾಜು ಬಿಟ್ಟು ನೀರಿನಲ್ಲಿ ಅಲುಗಾಡಿತು. ಎಲ್ಲೂ ಹರಿದಿರಲಿಲ್ಲ.

ಮಗಳು ಹರಿವಾಣದ ಮೇಲೆ ಬಗ್ಗಿದಳು. "ಇಷ್ಟೊತ್ತು ನೆಂದಿದೆಯಮ್ಮ, ಅದಕ್ಕೇ. ಅಲ್ಲಿ ನಾನು ತಾಳ್ಮೆ ಇಲ್ಲದೆ ಎಳೀತಿದ್ದೆ."

"ಮುಟ್ಟಬೇಡ ಅನ್ನೋರು ಅಲ್ಲಿ ಯಾರಿದಾರೆ?" ಎಂದರು ಅತ್ತೆ.

ಕುಂಕುಮ ಹಿಡಿದ ಅಂಚನ್ನು ಕತ್ತರಿಸಿ, ಉಳಿದದ್ದನ್ನು ಪುಸ್ತಕದೊಳಗಿಟ್ಟುಕೊಂಡು ಮಗಳು ಬಸ್ಸು ಹತ್ತಿದಳು. ಗೈಡ್ ವಿಷಯ ಬದಲಾಯಿಸು ಎನ್ನಲಿಲ್ಲ. ಹೇಗೆ ಬಿಡಿಸಿದೆ ಅಂತ ಕೇಳಿದ್ದಕ್ಕೆ, ನೀರಿನಲ್ಲಿ ನೆನೆಸಿ ಸುಮ್ಮನೆ ಬಿಟ್ಟೆ ಎಂದಳಂತೆ. ದೇವರ ಹೆಸರೆತ್ತಲಿಲ್ಲ, ಅಜ್ಜಿಯ ಹೆಸರೂ ಇಲ್ಲ. ಹಾಳೆ ಇಡಿಯಾಗಿ ಬಂತಲ್ಲ, ನನಗೆ ಅಷ್ಟು ಸಾಕು.

ಈಗ ಪ್ರತಿ ಹಾಳೆಯನ್ನೂ ಹಾಗೇ ಇಡುತ್ತಾಳೆ. ಮಾರನೇ ಬೆಳಿಗ್ಗೆ ತಾನು ತಟ್ಟೆ ಕದಲಿಸುವವರೆಗೆ ಗೈಡ್ ಕೂಡ ಮುಟ್ಟುವಂತಿಲ್ಲವಂತೆ.