ರಿವೆಟ್ಟಿನ ಗುಳಿಯಲ್ಲಿ ಕಾಡಿಗೆ

ನನಗೆ ಯಾರ ಮೇಲೂ ನಂಬಿಕೆ ಇಲ್ಲ ಎಂದು ನಮ್ಮ ಯಜಮಾನರು ಜೀವಮಾನವಿಡೀ ಹೇಳಿಕೊಂಡು ಬಂದರು. ಅದು ಶುದ್ಧ ಸುಳ್ಳು. ನಾನು ಎಲ್ಲರನ್ನೂ ನಂಬುತ್ತಿದ್ದೆ, ಅವರು ನನ್ನ ಕಣ್ಣೆದುರಿಗೆ ಕೆಲಸ ಮಾಡುತ್ತಿರುವಷ್ಟು ಹೊತ್ತು. ಹಾಲಿನವನು ಬೆಳಗ್ಗೆ ಹಸುವನ್ನು ಗೇಟಿನ ಹತ್ತಿರ ತಂದು ಕಟ್ಟಿದರೆ ಮೊದಲು ಅವನ ಪಾತ್ರೆಯನ್ನು ಬೋರಲು ಹಾಕಿಸಿ, ತಳದಲ್ಲಿ ನೀರಿಲ್ಲ ಎಂದು ನೋಡಿ, ಆಮೇಲೆ ಕರೆಯಲು ಬಿಡುತ್ತಿದ್ದೆ. ಹಿಟ್ಟಿನ ಗಿರಣಿಯಲ್ಲಿ ನನ್ನ ಗೋಧಿಗೆ ಮುಂಚೆ ಯಾರ ರಾಗಿ ಬಿದ್ದಿತ್ತು ಎಂದು ವಿಚಾರಿಸದೆ ಡಬ್ಬಿಯ ಮುಚ್ಚಳ ತೆಗೆದವಳಲ್ಲ. ಇದು ತವರಿನಿಂದ ಬಂದ ಪಾಠ. ತ್ಯಾಗರಾಜನಗರದ ನಮ್ಮ ಮನೆಯಲ್ಲಿ ಒಂದು ಜೊತೆ ಬಳೆ ಮಾಡಿಸಬೇಕಾದರೂ ನನ್ನಮ್ಮ ಮೊಸರನ್ನ ಕಟ್ಟಿಕೊಂಡು ಹೋಗಿ ಅಕ್ಕಸಾಲಿಯ ಮುಂದೆ ಬೆಳಗಿನಿಂದ ಸಂಜೆಯವರೆಗೆ ಕೂರುತ್ತಿದ್ದಳು. ಚಿನ್ನ ಕರಗಿ ತಂತಿಯಾಗಿ ಬಳೆಯಾಗುವ ತನಕ ಏಳುತ್ತಿರಲಿಲ್ಲ. ಅವನು ಮಾತಾಡಿಸಿದರೆ ಬಾಯಿ ನೋಡಬೇಡ, ಕೈ ನೋಡುತ್ತಿರು ಎಂದು ನನಗೆ ಹೇಳಿಕೊಟ್ಟಿದ್ದಳು.

ಅರವತ್ತರ ದಶಕದ ಆರಂಭದ ಮಾತು. ಜಯನಗರದಲ್ಲಿ ಆಗ ಮನೆಗಳಿಗಿಂತ ಕಲ್ಲು ನೆಟ್ಟ ಸೈಟುಗಳೇ ಜಾಸ್ತಿ. ನಮ್ಮ ಯಜಮಾನರು ಹೊಸೂರು ರಸ್ತೆಯ ಕಡೆ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಬಸ್ಸು ಹಿಡಿದು ಹೋದರೆ ಅರ್ಧ ದಿನ ದಾರಿಯಲ್ಲೇ ಕಳೆಯುತ್ತದೆಂದು ಹಳೆಯ ಮೋಟಾರ್ ಸೈಕಲ್ಲೊಂದನ್ನು ತಂದರು. ಅದರ ಸದ್ದಿಗೆ ಎದುರುಮನೆಯ ಮಗು ಎದ್ದು ಅಳುತ್ತಿತ್ತು. ಅವರಿಗೆ ಮಾತ್ರ ಅದು ಹಾಡಿದಂತೆ ಕೇಳುತ್ತಿತ್ತು.

ಆ ಗಾಡಿಗೆ ಬ್ರೇಕು ಇಲ್ಲ ಎಂಬುದನ್ನು ನಾನು ಕಂಡುಹಿಡಿದದ್ದು ಅವರ ಚಪ್ಪಲಿಯಿಂದ.

“ಇದೇನ್ರೀ, ಬಲಗಾಲಿನ ಚಪ್ಪಲಿ ಮಾತ್ರ ಹಿಂಗೆ ಸವೆದಿದೆ?”

“ನಡೆದೂ ನಡೆದೂ ಕಣೇ.”

“ಎಡಗಾಲು ನಡೆಯೋದಿಲ್ವಾ ಹಾಗಾದ್ರೆ?”

ಬಾಯಿ ಬಿಡಿಸಲು ಎರಡು ದಿನ ಹಿಡಿಯಿತು. ಕಾರ್ಖಾನೆಯ ದಾರಿಯಲ್ಲಿ ಒಂದು ಕೆರೆ ಇತ್ತು. ಕೆರೆ ಏರಿಗೆ ಇಳಿಯುವ ರಸ್ತೆ ಕಡಿದಾದ ಇಳಿಜಾರು. ಬ್ರೇಕು ಒತ್ತಿದರೂ ಗಾಡಿ ನಿಲ್ಲುತ್ತಿರಲಿಲ್ಲವಂತೆ. ಈ ಪುಣ್ಯಾತ್ಮರು ದಿನಾ ಕಾಲು ನೆಲಕ್ಕೆ ಉಜ್ಜಿಕೊಂಡು ಇಳಿಯುತ್ತಿದ್ದರು! ಕಂಕುಳಲ್ಲಿ ಒಂದು ವರ್ಷದ ಮಗು, ಹೊಟ್ಟೆಯಲ್ಲಿ ಇನ್ನೊಂದು. ನನಗೆ ಭಯಕ್ಕಿಂತ ಸಿಟ್ಟು ಬಂತು. ಅವತ್ತೇ ಅವರನ್ನೂ ಗಾಡಿಯನ್ನೂ ಹೊರಡಿಸಿಕೊಂಡು ಬೀದಿಯ ಕೊನೆಯ ಮೆಕ್ಯಾನಿಕ್ಕನ ಹತ್ತಿರ ಹೋದೆ.

ಅವನದು ಹೊಂಗೆ ಮರದ ಕೆಳಗೆ ಒಂದು ತಗಡಿನ ಶೆಡ್ಡು. ಹಾಕಿ ಇನ್ನೂ ಆರು ತಿಂಗಳಾಗಿರಲಿಲ್ಲ. ಮೂವತ್ತರ ಆಸುಪಾಸಿನ ಮನುಷ್ಯ, ಇಲ್ಲೇ ಹಳ್ಳಿಯವನು. ನಮ್ಮ ಬೀದಿ ಇದ್ದ ಜಾಗದಲ್ಲಿ ಹಿಂದೆ ಅವನಪ್ಪ ರಾಗಿ ಬಿತ್ತುತ್ತಿದ್ದನಂತೆ. ಹೊಲ ಲೇಔಟಿಗೆ ಹೋದ ಮೇಲೆ ಬಸ್ಸು ರಿಪೇರಿಯ ಜಾಗದಲ್ಲಿ ಕೆಲಸ ಕಲಿತು ಬಂದಿದ್ದ. ಬೀದಿಯ ಆರೇಳು ಗಾಡಿಗಳೇ ಅವನ ಬದುಕು: ವಕೀಲರ ಮನೆಯ ಕಾರು, ಡಾಕ್ಟರ ಕಾರು, ನಾಲ್ಕೈದು ಸ್ಕೂಟರು.

“ಈ ಬೀದಿಯೋರು ಕೈ ಹಿಡಿದ್ರೆ ಬದುಕ್ಕೋತೀನಿ ಸಾರ್. ಇಲ್ದಿದ್ರೆ ಕೂಲಿಗೆ ಹೋಗೋದೇ,” ಎಂದು ಯಜಮಾನರಿಗೆ ಹೇಳಿದ.

ಅವರು ಅಯ್ಯೋ ಪಾಪ ಎಂದರು. ನಾನು, ಇವನ ಹೊಲದ ಮೇಲೆ ಮನೆ ಕಟ್ಟಿಕೊಂಡವರು ನಾವು, ನಮ್ಮ ಮೇಲೆ ಇವನಿಗೆ ಒಳಗೊಳಗೆ ಎಷ್ಟು ಉರಿ ಇರಬೇಡ ಎಂದುಕೊಂಡೆ.

ಚಕ್ರ ಬಿಚ್ಚಿ ಒಳಗಿನದನ್ನು ತೋರಿಸಿದ. ಚಕ್ರದ ನಡುವೆ ಕಬ್ಬಿಣದ ಬೋಗುಣಿಯ ಹಾಗೆ ಡ್ರಮ್ಮು. ಅದರೊಳಗೆ ಅರ್ಧಚಂದ್ರದಂಥ ಎರಡು ಶೂ. ಶೂ ಬೆನ್ನಿಗೆ ರಿವೆಟ್ಟಿನ ಮೊಳೆ ಹೊಡೆದು ಕೂರಿಸಿದ ಲೈನಿಂಗು ಎಂಬ ಪಟ್ಟಿ. ಬ್ರೇಕು ಒತ್ತಿದರೆ ಶೂ ಅಗಲವಾಗಿ ಲೈನಿಂಗು ಡ್ರಮ್ಮನ್ನು ಹಿಡಿಯಬೇಕು. ನಮ್ಮದರಲ್ಲಿ ಲೈನಿಂಗು ಹಪ್ಪಳದಷ್ಟೂ ಉಳಿದಿರಲಿಲ್ಲ. ಹೊಸದು ಎರಡು ಬಗೆಯದಿತ್ತು. ಗಟ್ಟಿಯದು ಒಂದು, ಮೆತ್ತನೆಯದು ಒಂದು.

“ಗಟ್ಟೀದು ಜಾಸ್ತಿ ದಿನ ಬರುತ್ತೆ ತಾನೆ?” ಎಂದೆ.

“ಬರುತ್ತಮ್ಮ. ಆದ್ರೆ ಹಿಡಿಯೋದು ಕಮ್ಮಿ, ಹಳೇ ಡ್ರಮ್ಮನ್ನೂ ತಿಂದಾಕುತ್ತೆ. ಮೆತ್ತಂದು ಬೇಗ ಸವೆಯುತ್ತೆ, ಆದ್ರೆ ಒತ್ತಿದ ಕಡೆ ನಿಲ್ಸುತ್ತೆ. ಇಳಿಜಾರಲ್ಲಿ ಓಡಾಡೋ ಗಾಡಿಗೆ ಮೆತ್ತಂದೇ ಸರಿ.”

“ಬೇಗ ಸವೆದ್ರೆ ಮತ್ತೆ ನಿನ್ ಹತ್ರಾನೇ ಬರ್ಬೇಕು. ಅಲ್ವೇನಪ್ಪಾ?”

ಅವನಿಗೆ ನನ್ನ ಮಾತಿನ ಮೊನೆ ತಾಗಲಿಲ್ಲವೋ, ತಾಗಿದರೂ ನುಂಗಿಕೊಂಡನೋ. “ಬರ್ಲೇಬೇಕಮ್ಮ,” ಎಂದ. “ಬ್ರೇಕು ಹಾಕ್ಸಿ ಮರ್ತುಬಿಡೋ ವಸ್ತು ಅಲ್ಲ. ತಿಂಗಳಿಗೊಂದ್ಸಲ ತಂದು ತೋರ್ಸಿ, ಕೇಬಲ್ಲು ಬಿಗಿ ಮಾಡ್ಕೊಡ್ತೀನಿ. ಲೈನಿಂಗು ರಿವೆಟ್ಟಿನ ಮಟ್ಟಕ್ಕೆ ಬರೋ ಮುಂಚೆ ಬದಲಾಯಿಸ್ಬೇಕು.”

ಮೆತ್ತನೆಯದನ್ನೇ ಹಾಕು ಎಂದು ಯಜಮಾನರು ಹೇಳಿ ಒಳಗಿದ್ದ ಬೇರೆ ಗಾಡಿಗಳನ್ನು ನೋಡಲು ಹೋದರು. ನಾನು ಒಂದು ಖಾಲಿ ಎಣ್ಣೆ ಡಬ್ಬಿಯನ್ನು ಬೋರಲು ಹಾಕಿಕೊಂಡು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವನೆದುರಿಗೆ ಕೂತೆ.

“ಮನೆಗೋಗಿ ಅಮ್ಮಾ, ಬಿಸ್ಲು. ಹೊತ್ತಾಗುತ್ತೆ.”

“ಆಗ್ಲಿ, ಪರವಾಗಿಲ್ಲ.”

ಲೈನಿಂಗು ಮುಟ್ಟುವ ಮುಂಚೆ ಅವನು ಎದ್ದುಹೋಗಿ ಸೋಪು ಹಾಕಿ ಎರಡು ಸಲ ಕೈ ತೊಳೆದು ಬಂದ. ಗಾಡಿ ರಿಪೇರಿ ಮಾಡುವವನಿಗೆ ಇದೇನು ಮಡಿ! ಇದರಲ್ಲೇನೋ ಕೈಚಳಕ ಇದೆ ಎಂದು ಇನ್ನಷ್ಟು ಕಣ್ಣಗಲಿಸಿ ಕೂತೆ. ಎರಡು ಚಕ್ರಕ್ಕೂ ಸೇರಿ ನಾಲ್ಕು ಶೂಗಳಿಗೆ ಹೊಸ ಲೈನಿಂಗು ಕೂರಿಸಿದ. ರಿವೆಟ್ಟಿನ ತಲೆ ಮೇಲೆದ್ದು ಡ್ರಮ್ಮಿಗೆ ತಗಲಬಾರದೆಂದು ಲೈನಿಂಗಿನಲ್ಲಿ ಒಂದೊಂದಕ್ಕೂ ಗುಳಿ ಕೊರೆದು ಒಳಗೆ ಇಳಿಸಿದ. ಒಳ್ಳೆಯ ಕೆಲಸ ಎಂದು ನನಗೇ ಅನ್ನಿಸಿತು. ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಅಷ್ಟರಲ್ಲಿ ಒಂದು ಹೊಸ ರಾಗ ತೆಗೆದ. ಡ್ರಮ್ಮುಗಳ ಒಳಗೆ ಗೆರೆ ಬಿದ್ದಿದೆ, ಲೇತಿಗೆ ಕೊಟ್ಟು ನಯ ಮಾಡಿಸಬೇಕು, ನಾಳೆ ಸಂಜೆ ಜೋಡಿಸಿ ಕೊಡುತ್ತೇನೆ ಎಂದ. ನಾನು ಸುತ್ತ ಕಣ್ಣಾಡಿಸಿದೆ. ಶೆಡ್ಡಿನ ಮೂಲೆಯಲ್ಲಿ ನಮ್ಮದೇ ಬಗೆಯ ಇನ್ನೊಂದು ಹಳೆಯ ಮೋಟಾರ್ ಸೈಕಲ್ಲು ಬಿಚ್ಚಿ ಹಾಕಿತ್ತು. ನಾಲ್ಕು ಹೊಸ ಶೂ ಒಂದು ರಾತ್ರಿ ಇವನ ಕೈಯಲ್ಲಿದ್ದರೆ ನಾಳೆ ನಮಗೆ ಸಿಗುವುದು ಅದರ ಸವೆದ ಶೂಗಳೇ. ಚಕ್ರದೊಳಗೆ ಮುಚ್ಚಿಹೋದ ಮೇಲೆ ಯಾರು ನೋಡುತ್ತಾರೆ?

ಅವನು ಡ್ರಮ್ಮುಗಳನ್ನು ಸೈಕಲ್ಲಿಗೆ ಕಟ್ಟಲು ಶೆಡ್ಡಿನ ಹಿಂದಕ್ಕೆ ಹೋದ. ಮಗುವಿಗೆ ದೃಷ್ಟಿಬೊಟ್ಟು ಇಡಲು ನನ್ನ ಚೀಲದಲ್ಲಿ ಕಾಡಿಗೆ ಡಬ್ಬಿ ಇದ್ದೇ ಇರುತ್ತಿತ್ತು. ಹರಳೆಣ್ಣೆ ದೀಪದ ಮಸಿ ಹಿಡಿದು, ಅದೇ ಎಣ್ಣೆಯಲ್ಲಿ ಕಲಸಿ ಮನೆಯಲ್ಲೇ ಮಾಡಿದ್ದು. ಹೆಬ್ಬೆರಳಿನಲ್ಲಿ ತೆಗೆದು ನಾಲ್ಕೂ ಶೂಗಳ ಕೊನೆಯ ಎರಡೆರಡು ರಿವೆಟ್ಟಿನ ಗುಳಿಗಳಿಗೆ ಒತ್ತಿ ತುಂಬಿದೆ. ಮಿಕ್ಕಿದ್ದನ್ನು ಲೈನಿಂಗಿಗೇ ಒರೆಸಿದೆ. ಇನ್ನು ಬದಲಾಯಿಸಲಿ ನೋಡೋಣ, ಬಿಚ್ಚಿಸಿ ಎಲ್ಲರೆದುರು ಗುರುತು ತೋರಿಸಿ ಮಾನ ತೆಗೆಯುತ್ತೇನೆ ಎಂದುಕೊಂಡು ಗೆದ್ದವಳ ಹಾಗೆ ಮನೆಗೆ ಬಂದೆ.

ಮಾರನೆಯ ದಿನ ಮಗುವಿಗೆ ಮೈ ಬಿಸಿಯಾಗಿ ಶೆಡ್ಡಿಗೆ ಹೋಗಲಾಗಲಿಲ್ಲ. ಗಾಡಿ ಮುಸ್ಸಂಜೆಯಲ್ಲಿ ಬಂತು. ಎರಡು ದಿನ ಯಜಮಾನರು ಅದನ್ನು ಹೊಗಳಿದ್ದೇ ಹೊಗಳಿದ್ದು. ಬೆರಳಲ್ಲಿ ಮುಟ್ಟಿದರೆ ನಿಲ್ಲುತ್ತದೆ ಎಂದರು. ಮೂರನೆಯ ದಿನ ಹೊಗಳಲಿಲ್ಲ. ಏನು ಎಂದು ಕೇಳಿದರೆ ಏನಿಲ್ಲ ಎಂದರು. ನಾಲ್ಕನೆಯ ದಿನ ಬೆಳಗ್ಗೆ ಕೆರೆಯ ಇಳಿಜಾರಿನಲ್ಲಿ ಹುಲ್ಲಿನ ಗಾಡಿಯೊಂದು ಅಡ್ಡ ಬಂತು. ಇವರು ಕೈಯ ಬ್ರೇಕನ್ನೂ ಕಾಲಿನ ಬ್ರೇಕನ್ನೂ ಒಟ್ಟಿಗೆ ಒತ್ತಿದರು. ಎರಡೂ ಜಾರಿದವು. ಎತ್ತುಗಳನ್ನು ತಪ್ಪಿಸಲು ಹೋಗಿ ಮೋರಿಯ ಕಲ್ಲಿಗೆ ಗುದ್ದಿದರು. ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಇನ್ನೆರಡು ಮಾರು ಆಚೆ ಹೋಗಿದ್ದರೆ ಕೆರೆ.

ಆಸ್ಪತ್ರೆಯಿಂದ ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಬಂದ ಗಂಡನನ್ನು ಕಂಡಾಗ ನನಗೆ ಅಳು ಬರಲಿಲ್ಲ. “ನಾನು ಹೇಳಿರ್ಲಿಲ್ವಾ? ಶೂ ಬದಲಾಯಿಸಿದ್ದಾನೆ ಕಳ್ಳ!” ಎಂದು ಕೂಗಾಡಿದೆ. ಗಾಡಿಯನ್ನು ಯಾರೋ ತಳ್ಳಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದ್ದರು. ಅದನ್ನು ಬಿಚ್ಚಿಸಿ ನೋಡುವಷ್ಟು ವ್ಯವಧಾನವೂ ನನಗಿರಲಿಲ್ಲ. ಶುಕ್ರವಾರ ವಕೀಲರ ಮನೆಯಲ್ಲಿ ಬೀದಿಯ ಹೆಂಗಸರೆಲ್ಲ ಸೇರಿ ಸಹಸ್ರನಾಮ ಹೇಳುತ್ತಿದ್ದೆವು. ಅವತ್ತು ದೇವರ ಹೆಸರು ಎಷ್ಟು ಹೇಳಿದೆನೋ ತಿಳಿಯದು, ಅವನ ಹೆಸರನ್ನಂತೂ ಚೆನ್ನಾಗಿ ಕೆಡಿಸಿ ಬಂದೆ. ನಮ್ಮ ಹೊಸ ಲೈನಿಂಗು ಕದ್ದು ಹಳೆಯದನ್ನು ಕೂರಿಸಿದ್ದಾನೆ ಎಂದೆ. ಹೊಲ ಹೋದ ಸಿಟ್ಟಿಗೆ ಬೇಕೆಂದೇ ಮಾಡಿದ್ದಾನೆ ಎಂದೂ ಸೇರಿಸಿದೆ. ಒಂದು ವಾರದಲ್ಲಿ ಶೆಡ್ಡಿನ ಮುಂದೆ ಒಂದು ಗಾಡಿಯೂ ನಿಲ್ಲುತ್ತಿರಲಿಲ್ಲ. ಎಲ್ಲರೂ ರಿಪೇರಿಗೆ ಕಲಾಸಿಪಾಳ್ಯಕ್ಕೆ ಹೊರಟರು.

ಒಂದು ಬೆಳಗ್ಗೆ ಅವನೇ ಮನೆಗೆ ಬಂದ. ಕೈಯಲ್ಲಿ ನಟ್ಟು ಬಿಚ್ಚುವ ಪಾನಾಗಳ ಚೀಲ. ಗೇಟಿನ ಹೊರಗೇ ನಿಂತು, “ಅಮ್ಮಾ, ಏನೇನೋ ಮಾತು ಕೇಳ್ದೆ. ಗಾಡಿ ನಿಮ್ ಕಣ್ಣೆದುರಿಗೇ ಬಿಚ್ತೀನಿ. ಬೇಕಾದೋರನ್ನ ಕರ್ಕೊಳ್ಳಿ,” ಎಂದ.

ನಾನು ಬಿಡುತ್ತೇನೆಯೇ? ವಕೀಲರ ಹೆಂಡತಿಯನ್ನು ಕರೆಯಲು ಹೊರಟೆ. ಅವರು ಮನೆಯಲ್ಲಿರಲಿಲ್ಲ. ಹೋಗಲಿ ಎಂದು ಯಜಮಾನರನ್ನೇ ಜಗಲಿಯ ಕುರ್ಚಿಯಲ್ಲಿ ಕೂರಿಸಿ, ಅವನೆದುರಿಗೆ ಸೊಂಟಕ್ಕೆ ಕೈ ಕೊಟ್ಟು ನಿಂತೆ. ಹಿಂದಿನ ಚಕ್ರ ಬಿಚ್ಚಿ ಶೂಗಳನ್ನು ಕೆಳಗಿಟ್ಟ. ಲೈನಿಂಗು ಸವೆದೇ ಇರಲಿಲ್ಲ, ಹೊಚ್ಚ ಹೊಸದು. ಮುಖವೆಲ್ಲ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಕೊನೆಯ ಎರಡು ಗುಳಿಗಳಲ್ಲಿ ನನ್ನ ಕಾಡಿಗೆ ಅರ್ಧ ಕರಗಿ ಕೂತಿತ್ತು.

ನಾನು ಇಟ್ಟ ಗುರುತು ಇಟ್ಟಲ್ಲೇ ಇತ್ತು. ಅವನು ಏನನ್ನೂ ಬದಲಾಯಿಸಿರಲಿಲ್ಲ.

ಅವನು ಕಿರುಬೆರಳಲ್ಲಿ ಗುಳಿಯೊಳಗಿನದನ್ನು ಕೆರೆದು ಮೂಸಿ ನೋಡಿದ. “ಇದು ಗ್ರೀಸಲ್ಲ ಸಾರ್. ಹರಳೆಣ್ಣೆ ವಾಸ್ನೆ. ಡ್ರಮ್ಮು ಕಾದಾಗ ಕರಗಿ ಆಚೆ ಬಂದೈತೆ. ಬ್ರೇಕಿಗೆ ಎಣ್ಣೆ ಬಿದ್ರೆ ಎಲ್ಲಿ ಹಿಡಿಯುತ್ತೆ? ಅದಕ್ಕೇ ನಾನು ಕೈ ತೊಳ್ಕೊಂಡು ಮುಟ್ಟೋದು.” ಆಮೇಲೆ ತಲೆ ತಗ್ಗಿಸಿ, “ಹಾಕೋವಾಗ ಕತ್ಲಾಗಿತ್ತು. ಒಂದ್ಸಲ ಪೆಟ್ರೋಲಲ್ಲಿ ಒರೆಸಿ ಹಾಕ್ಬೇಕಿತ್ತು. ಅದು ನಂದೇ ತಪ್ಪು,” ಎಂದ.

ತಪ್ಪು ಒಪ್ಪಿಕೊಳ್ಳಲು ಅವನಿಗೆ ಅಷ್ಟು ಸುಲಭವಾದದ್ದನ್ನು ಕಂಡು ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಇದರಲ್ಲೂ ಏನೋ ಉಪಾಯ ಇರಬಹುದು ಎಂದು ಒಂದು ಗಳಿಗೆ ಮನಸ್ಸು ಹುಡುಕಿತು, ನಾಚಿಕೆಯಿಲ್ಲದ ಮನಸ್ಸು. ಸುಮ್ಮನಿದ್ದುಬಿಟ್ಟಿದ್ದರೆ ನನ್ನ ಗಂಡನಿಗೂ ತಿಳಿಯುತ್ತಿರಲಿಲ್ಲ.

“ನಾನೇ ಹಚ್ಚಿದ್ದು,” ಎಂದೆ. “ನೀನು ಬದಲಾಯಿಸ್ತೀಯ ಅಂತ ಗುರುತಿಗೆ.”

ಅವನು ನನ್ನನ್ನು ನೋಡಲಿಲ್ಲ. ಇನ್ನೊಂದು ಶೂವಿನ ಗುಳಿಗಳನ್ನೂ ಕೆರೆಯತೊಡಗಿದ. ಯಜಮಾನರು ಪ್ಲಾಸ್ಟರು ಹಾಕಿದ ತಮ್ಮ ಕಾಲನ್ನು ನೋಡಿಕೊಂಡರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

“ಶುಕ್ರವಾರ ಯಾರ್ಯಾರಿಗೆ ಹೇಳಿದ್ಯೋ ಅವರೆಲ್ಲರ ಮನೆಗೂ ಹೋಗಿ ಹೇಳಿ ಬಾ,” ಎಂದರು. “ಇವತ್ತೇ ಹೋಗು.”

ಹೋದೆ. ಬಸುರಿ ಹೆಂಗಸು, ಮಟಮಟ ಮಧ್ಯಾಹ್ನ, ಹತ್ತು ಮನೆ ಹತ್ತಿ ಇಳಿದೆ. ತಪ್ಪು ನನ್ನದು, ಕಾಡಿಗೆ ಹಚ್ಚಿದವಳು ನಾನು, ಅವನ ಕೈ ಶುದ್ಧ ಎಂದು ಒಂದೊಂದು ಮನೆಯಲ್ಲೂ ಹೇಳಿದೆ. ಎಲ್ಲರೂ ನೀರು ಕೊಟ್ಟು ಕೂರಿಸಿದರು. ಕಾಡಿಗೆಯಿಂದ ಎಲ್ಲಾದರೂ ಗಾಡಿ ಬೀಳುತ್ತದೆಯೇ ಎಂದು ಒಬ್ಬರು ನಕ್ಕರು. ವಕೀಲರ ಹೆಂಡತಿ ನನ್ನ ಕೈ ಹಿಡಿದುಕೊಂಡು, ದನಿ ತಗ್ಗಿಸಿ ಕೇಳಿದರು.

“ನಿಜ ಹೇಳ್ರೀ. ಬೆಳಿಗ್ಗೆ ಅವನು ನಿಮ್ಮನೆ ಹತ್ರ ಬಂದಿದ್ನಂತಲ್ಲ. ಯಜಮಾನ್ರು ಬೇರೆ ಕಾಲು ಮುರ್ಕೊಂಡು ಕೂತಿದ್ದಾರೆ. ಏನಾದ್ರೂ ಹೆದರ್ಸಿದ್ನಾ?”

ಇಲ್ಲವೇ ಇಲ್ಲ ಎಂದು ಆಣೆ ಮಾಡಿದೆ. ಆಣೆ ಮಾಡಿದಷ್ಟೂ ಅವರ ಮುಖದಲ್ಲಿ ನನ್ನ ಬಗ್ಗೆ ಕನಿಕರ ಹೆಚ್ಚಿತು. ಅವನನ್ನು ಕಳ್ಳ ಎಂದಾಗ ಒಬ್ಬರೂ ಮರುಪ್ರಶ್ನೆ ಕೇಳಿರಲಿಲ್ಲ.

ನಮ್ಮ ಗಾಡಿಗೆ ಅವನು ಹೊಸ ಲೈನಿಂಗು ಕೂರಿಸಿ ಕೊಟ್ಟ. ಆ ಸಲ ನಾನು ಶೆಡ್ಡಿನ ಕಡೆ ಸುಳಿಯಲಿಲ್ಲ. ಯಜಮಾನರು ಕೋಲು ಬಿಟ್ಟು ಮತ್ತೆ ಗಾಡಿ ಹತ್ತುವ ಹೊತ್ತಿಗೂ ಅಲ್ಲಿಗೆ ಹೋಗುತ್ತಿದ್ದದ್ದು ನಮ್ಮದೊಂದೇ ಗಾಡಿ. ಎರಡನೆಯ ಮಗು ಹುಟ್ಟಿ ತವರಿನಿಂದ ನಾನು ಹಿಂತಿರುಗಿದಾಗ ಅವನು ಶೆಡ್ಡು ಬಿಚ್ಚುತ್ತಿದ್ದ. ಬೊಮ್ಮನಹಳ್ಳಿಯ ಕಡೆ ಒಂದು ಇಟ್ಟಿಗೆ ಗೂಡಿನಲ್ಲಿ ಕೂಲಿ ಸಿಕ್ಕಿದೆ ಎಂದ. ನಾನು ಮತ್ತೆ ಒಂದು ಸಲ ಮನೆಮನೆಗೆ ಹೋಗಿ ಹೇಳುತ್ತೇನೆ, ವಕೀಲರ ಹತ್ತಿರವೇ ಮಾತಾಡುತ್ತೇನೆ, ಸ್ವಲ್ಪ ದಿನ ತಡಿ ಎಂದೆ.

ಅವನು ತಗಡನ್ನು ಕೆಳಗಿಟ್ಟು ಮೊದಲ ಸಲ ನನ್ನ ಮುಖ ನೋಡಿದ.

“ಬೇಡಮ್ಮ,” ಎಂದ. “ಮೊದಲು ಕಳ್ಳ ಅಂತಿದ್ರು. ನೀವು ಹೋಗಿ ಹೇಳಿ ಬಂದ್ಮೇಲೆ ರೌಡಿ ಅಂತಾವ್ರೆ.”