ಚೆನ್ನಬಸಮ್ಮ ಕಲ್ಲುಮನೆ ಬಿಚ್ಚಿದ್ದು

ಹುಲಿಗುಡ್ಡದ ಕೋಟೆ ಯಾರದು ಎಂದು ಗಾದಿಗನೂರಿನಲ್ಲಿ ಕೇಳಿ ನೋಡಿ, ಒಬ್ಬೊಬ್ಬರು ಒಬ್ಬೊಬ್ಬ ಪಾಳೇಗಾರನ ಹೆಸರು ಹೇಳುತ್ತಾರೆ. ಯಾರದಾದರೇನು, ಅವನ ಅರಮನೆಯಲ್ಲಿ ಈಗ ನೆಟ್ಟಗೆ ನಿಂತ ಗೋಡೆ ಒಂದೂ ಇಲ್ಲ. ಉಳಿದಿರುವುದು ಮುರುಕು ಬಾಗಿಲು, ಒಂದು ಬುರುಜು, ಮಳೆನೀರು ನಿಲ್ಲುವ ದೊಣೆ. ಇಂಥ ಹಾಳುಕೋಟೆಗೆ ಜನ ಮನೆ ಬೇಡಿಕೊಳ್ಳಲು ಹೋಗುತ್ತಾರಲ್ಲ, ಅವರಿಗೆ ಏನೆನ್ನಬೇಕು ಹೇಳಿ. ಪಾಳೇಗಾರನಿಗೇ ದಕ್ಕದ್ದು ನಮಗೆ ದಕ್ಕೀತೇ ಎಂದು ಒಬ್ಬರೂ ಯೋಚಿಸುವುದಿಲ್ಲ. ಬುರುಜಿನ ಪಕ್ಕದ ಬಂಡೆಯ ಮೇಲೆ ಕಲ್ಲಿನ ಮೇಲೆ ಕಲ್ಲಿಟ್ಟು, ಗೇಣುದ್ದದ ಮನೆ ಕಟ್ಟಿ, ಕೈಮುಗಿದು ಇಳಿಯುತ್ತಾರೆ. ಊರಲ್ಲಿ ಸ್ವಂತ ಮನೆಯಾದರೆ ಗೃಹಪ್ರವೇಶಕ್ಕೆ ಮೊದಲು ಬಂದು ಅದನ್ನು ಬಿಚ್ಚಬೇಕು, ಕಲ್ಲುಗಳನ್ನು ಮನೆಯಿಲ್ಲದವರಿಗೆ ಬಿಟ್ಟು ಹೋಗಬೇಕು. ಒಬ್ಬರಿಗೆ ಎರಡು ಮನೆ ಆಗಿಬರುವುದಿಲ್ಲ ಎಂಬುದು ಹಿರಿಯರ ಮಾತು.

ಚೆನ್ನಬಸಮ್ಮ ಮದುವೆಯಾದ ಹೊಸದರಲ್ಲಿ ಗಂಡ ಕನಕರಾಜನ ಜೊತೆ ಬುತ್ತಿ ಕಟ್ಟಿಕೊಂಡು ಆ ಗುಡ್ಡ ಹತ್ತಿದ್ದಳು. ಆಗಷ್ಟೇ ಅದಿರಿನ ಹುಚ್ಚು ಶುರುವಾಗಿತ್ತು. ಜೋಳ ಬೆಳೆಯುತ್ತಿದ್ದ ಹೊಲಗಳನ್ನೆಲ್ಲ ಬಗೆದು ಕಲ್ಲು ತೆಗೆಯುತ್ತಿದ್ದರು. ಅವಳು ಸುತ್ತಿಗೆ ಹಿಡಿದು ಅದಿರು ಒಡೆಯುತ್ತಿದ್ದಳು, ಅವನು ಟಿಪ್ಪರ್ ಓಡಿಸುತ್ತಿದ್ದ. ಬಾಡಿಗೆಯ ತಗಡಿನ ಕೋಣೆಯಲ್ಲಿ ಅತ್ತೆ ಜಂಬವ್ವನೂ ಸೇರಿ ಮೂವರ ಸಂಸಾರ. ಬಂಡೆಯ ಮೇಲೆ ಅವಳು ನಾಲ್ಕು ಕಲ್ಲಿಟ್ಟು ಸಾಕೆಂದರೆ ಅವನು ಬಿಡಲಿಲ್ಲ. “ಮ್ಯಾಲೊಂದು ರೂಮು ಇರ್ಲಿ, ನಿಮ್ಮಪ್ಪ ಬಂದಾಗ ಗೊರಕಿ ಹೊಡಿಯಾಕ” ಎಂದು ನಗಾಡಿ ಇನ್ನೊಂದು ಅಂತಸ್ತು ಏರಿಸಿ, ತುದಿಗೆ ಬಿಳಿ ಬೆಣಚುಕಲ್ಲು ಇಟ್ಟಿದ್ದ.

ಬೇಡಿದ್ದು ಆಯಿತು. ಮಗಳು ಭಾಗ್ಯ ಹುಟ್ಟಿದಳು, ಮನೆಗೆ ಪಾಯ ಬಿತ್ತು, ಸ್ಲ್ಯಾಬೂ ಬಿತ್ತು. ಮನೆ ಕಟ್ಟಿ ನೋಡು ಎಂದವರು ಸುಮ್ಮನೆ ಹೇಳಿಲ್ಲ. ಕನಕರಾಜ ಹಗಲು ರಾತ್ರಿ ಎನ್ನದೆ ಸ್ಟೇರಿಂಗಿಗೆ ಅಂಟಿಕೊಂಡ. ಕಲ್ಲು ಬಿಚ್ಚಿ ಬಾರೋ ಎಂದು ಜಂಬವ್ವ ಹೇಳಿದಾಗಲೆಲ್ಲ ಅವನದು ಒಂದೇ ಉತ್ತರ: “ಟ್ರಿಪ್ಪೈತಿ ಯವ್ವಾ, ಮುಂದಿನ ಐತಾರ ಹೋಗೂನು.” ಆ ಐತವಾರ ಬರಲೇ ಇಲ್ಲ. ಗೃಹಪ್ರವೇಶವಾಯಿತು. ಅದರ ಹಂದರ ಇನ್ನೂ ಬಿಚ್ಚಿರಲಿಲ್ಲ, ಸಂಡೂರಿನ ಇಳಿಜಾರಿನಲ್ಲಿ ಅವನ ಟಿಪ್ಪರ್ ಮಗುಚಿ ಬಿತ್ತು. ಅವನನ್ನು ತಂದು ಅದೇ ಹಂದರದ ಕೆಳಗೆ ಮಲಗಿಸಿದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಊರು ಅತ್ತಿತು. ಅತ್ತವರೇ ಆಮೇಲೆ ನಲ್ಲಿಯ ಹತ್ತಿರ, ಕಲ್ಲು ಬಿಚ್ಚಿರಲಿಲ್ಲವಂತೆ ಎಂದು ಪಿಸುಗುಟ್ಟಿದರು. ಆಡುವ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಚೆನ್ನಬಸಮ್ಮ ನಂಬಲಿಲ್ಲ. ಗಂಡ ಎಷ್ಟು ರಾತ್ರಿ ಕಣ್ಣು ಮುಚ್ಚಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಭಾಗ್ಯಳಿಗೆ ಬಿಟ್ಟು ಬಿಟ್ಟು ಜ್ವರ ಬರತೊಡಗಿತು. ಡಾಕ್ಟರ ಗುಳಿಗೆಗೂ ಬಗ್ಗಲಿಲ್ಲ, ತಾಯಿತಕ್ಕೂ ಬಗ್ಗಲಿಲ್ಲ. ಗಂಡನನ್ನು ಕಳೆದುಕೊಂಡವಳು ಮಗಳ ವಿಷಯದಲ್ಲಿ ಹಟ ಹಿಡಿದು ಕೂರಲಾರಳು. ಹೆತ್ತ ಹೊಟ್ಟೆ.

ಸಂಕ್ರಾಂತಿಯ ಮುಂದಿನ ಭಾನುವಾರ ಕೂಸನ್ನು ತವರಲ್ಲಿ ಬಿಟ್ಟು, ಅತ್ತೆ ಸೊಸೆ ಗುಡ್ಡ ಹತ್ತಿದರು. ಹೊಸಪೇಟೆಯಿಂದ ಬಂದವರು ಅಲ್ಲಲ್ಲಿ ರೊಟ್ಟಿ ಗಂಟು ಬಿಚ್ಚಿದ್ದರು, ಬುರುಜಿನ ಮೇಲೆ ಕಾಲೇಜು ಹುಡುಗರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹಬ್ಬದ ಜನಕ್ಕೆ ಬರಿ ಹಣೆ ಕಾಣುವುದು ಬೇಡವೆಂದು ಚೆನ್ನಬಸಮ್ಮ ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದಳು. ಕೆಳಗೆ ರಸ್ತೆಯುದ್ದಕ್ಕೂ ಕೆಂಪು ದೂಳು, ಲಾರಿಗಳ ಸಾಲು. ಆ ಸಾಲಿನಲ್ಲಿ ತನ್ನ ಕಣ್ಣು ನೀಲಿ ಕ್ಯಾಬಿನ್ನಿನ ಟಿಪ್ಪರೊಂದನ್ನು ಹುಡುಕುತ್ತಿದೆ ಎಂದು ತಿಳಿದಾಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಬಿಳಿ ಬೆಣಚುಕಲ್ಲು ದೂರದಿಂದಲೇ ಕಂಡಿತು. ಅಂತಸ್ತೂ ಹಾಗೇ ಇತ್ತು. ಗಾದಿಗನೂರಿನ ಮನೆಯನ್ನು ಕಟ್ಟಿದವರು ಮೇಸ್ತ್ರಿಗಳು. ಕನಕರಾಜ ಕೈಯಾರೆ ಕಟ್ಟಿದ ಮನೆ ಇದೊಂದೇ. ಅವಳು ಅದರ ಮುಂದೆ ಕುಸಿದು ಕೂತಳು. ಅಳು ಒತ್ತರಿಸಿ ಬಂತು.

“ಬಿಚ್ಚವ್ವಾ. ಕೂಸಿನ ಮಾರಿ ನೆನಸ್ಕೊ” ಎಂದಳು ಜಂಬವ್ವ.

ಚೆನ್ನಬಸಮ್ಮ ಬೆಣಚುಕಲ್ಲನ್ನು ಎತ್ತಿಕೊಂಡಳು. ಅಷ್ಟರಲ್ಲಿ ಹೊಸ ತಾಳಿಯ ಹುಡುಗಿಯೊಬ್ಬಳು ಕಲ್ಲು ಆರಿಸುತ್ತ ಹತ್ತಿರ ಬಂದಳು.

“ಅಕ್ಕಾ, ನಿಮ್ದು ಮನಿ ಆತೇನ್ರಿ?”

“ಆತವ್ವ.”

“ಪುಣ್ಯವಂತ್ರು ಬಿಡ್ರಿ. ಮನಿ ಆದೋರ ಕಲ್ಲು ಪಾಯಕ್ಕಿಟ್ರ ನಮ್ದೂ ಜಲ್ದಿ ಆಗ್ತತಂತ. ಆ ಬಿಳಿ ಕಲ್ಲು ಕೊಡ್ರಿ.”

ಕೊಡಲು ಕೈ ಚಾಚಿದ ಚೆನ್ನಬಸಮ್ಮ, ಮಾತಿಗೆಂದು ಕೇಳಿದಳು: “ಯಜಮಾನ್ರು ಏನ್ ಮಾಡ್ತಾರ ತಂಗಿ?”

“ಟಿಪ್ಪರ್ ಹೊಡಿತಾರ್ರಿ. ರಾತ್ರಿಯೆಲ್ಲಾ ಟ್ರಿಪ್ಪು. ನೋಡ್ರಿ ಅಲ್ಲಿ, ಕೋಟಿ ತೋರಿಸ್ತೀನಂತ ಕರ್ಕೊಂಬಂದು ತಾವಾ ಮಕ್ಕೊಂಡಾರ.”

ಬುರುಜಿನ ನೆರಳಿನಲ್ಲಿ ಒಬ್ಬ ಹುಡುಗ ಬಾಯಿ ತೆರೆದು ಮಲಗಿದ್ದ. ಕಿವಿಯ ಸಂದಿಯಲ್ಲಿ ಕೆಂಪು ದೂಳು ಹಾಗೇ ಇತ್ತು. ಚೆನ್ನಬಸಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

“ಇವು ಬ್ಯಾಡ ತಂಗಿ. ಬ್ಯಾರೆ ಆರಿಸ್ಕೊ.”

“ಯಾಕ್ರಿ? ಬಿಚ್ಚಿದ ಕಲ್ಲು ಬಿಟ್ಟೋಗಬೇಕಲ್ರಿ?”

ಕನಕರಾಜನ ಕತೆ ಹೇಳಿದರೆ ಆ ಹುಡುಗಿ ಇನ್ನು ಒಂದು ದಿನವಾದರೂ ನೆಮ್ಮದಿಯಿಂದ ಗಂಡನಿಗಾಗಿ ಬಾಗಿಲು ಕಾದಾಳೇ? ಚೆನ್ನಬಸಮ್ಮ ಉಳಿದ ಕಲ್ಲುಗಳನ್ನೂ ಕಿತ್ತು ಉಡಿಗೆ ತುಂಬಿಕೊಂಡು, ಕೋಟೆಯ ಅಂಚಿಗೆ ಹೋಗಿ ಎಲ್ಲವನ್ನೂ ಕಣಿವೆಗೆ ಸುರಿದಳು. ಬೆಣಚುಕಲ್ಲೂ ಹೋಯಿತು.

ಜಂಬವ್ವ ಓಡಿಬಂದು ರಟ್ಟೆ ಹಿಡಿದಳು. “ಏನ್ ಮಾಡಿದ್ಯವ್ವಾ? ಬಿಟ್ಟು ಬರಬೇಕಿತ್ತಲ್ಲ. ಕೂಸಿಗೆ ಏನರ ಆದ್ರ?”

“ನಿಮ್ಮ ಮಗ ಕಲ್ಲಿನಿಂದ ಹೋದ್ರೋ, ನಿದ್ದಿ ಇಲ್ದ ಹೋದ್ರೋ, ನನಗ ಗೊತ್ತಿಲ್ರಿ ಅತ್ತಿ. ಗೊತ್ತಿಲ್ದಿದ್ದನ್ನ ಆಕಿ ಉಡಿಯಾಗ ಹ್ಯಾಂಗ ಹಾಕ್ಲಿ?” ಎಂದಳು ಚೆನ್ನಬಸಮ್ಮ. ಮಗಳಿಗಾಗಿ ಬಂದವಳು, ಕಲ್ಲು ಬಿಟ್ಟುಹೋಗುವ ಕಟ್ಟಳೆಯನ್ನು ಪೂರ್ತಿ ಮಾಡದೆ ಹೊರಟಿದ್ದಳು.

ಹಿಂದೆ ಹುಡುಗಿ ನಾಲ್ಕು ಜನಕ್ಕೆ ಕೇಳುವಂತೆ ಹೇಳುತ್ತಿದ್ದಳು: “ಎಂಥಾ ಹೊಟ್ಟಿಕಿಚ್ಚಿನಾಕಿ ನೋಡ್ರಿ. ತನಗ ಮನಿ ಆತು, ಇನ್ನೊಬ್ರಿಗೆ ಆಗಬಾರ್ದು.” ಅದೇ ಸಿಟ್ಟಿನಲ್ಲಿ ಗಂಡನ ಕಡೆ ತಿರುಗಿದಳು. “ಏಳ್ರಿ, ಹೊತ್ತಾತು. ಸಂಜಿ ಟ್ರಿಪ್ಪು ಐತಲ್ಲ.”

ಬೈಗುಳಕ್ಕೆ ತಿರುಗದೆ ಇಳಿಯುತ್ತಿದ್ದ ಚೆನ್ನಬಸಮ್ಮ ಆ ಮಾತಿಗೆ ಗಕ್ಕನೆ ನಿಂತಳು. ತಿರುಗಿ ಬಂದು ಹುಡುಗಿಯ ಮುಂದೆ ಕೈಮುಗಿದಳು.

“ಎಬ್ಬಿಸಬ್ಯಾಡ ತಂಗಿ. ಇನ್ನೊಂದೀಟು ಮಕ್ಕೊಳ್ಳಲಿ.”

“ನಮ್ಮ ಮನಿ ಉಸಾಬ್ರಿ ನಿಮಗ್ಯಾಕ್ರಿ?” ಎಂದು ಹುಡುಗಿ ಗಂಡನ ಭುಜ ಹಿಡಿದು ಅಲುಗಿಸಿದಳು.