ಮುಚ್ಚಿದ ಕಣ್ಣಿನ ಫೈಲು

ಬಿಸಿಯಾದ ಧೂಳಿನ ವಾಸನೆ ನಿಮಗೂ ಗೊತ್ತಿರಬೇಕು. ಈ ಮಧ್ಯಾಹ್ನ ಹಿರಿಯೂರಿನ ನನ್ನ ಸ್ಟುಡಿಯೋದಲ್ಲಿ ಹಳೆಯ ಕಂಪ್ಯೂಟರನ್ನು ವರ್ಷಗಳ ಮೇಲೆ ಚಾಲೂ ಮಾಡಿದಾಗ ಮೊದಲು ಬಂದದ್ದು ಅದೇ ವಾಸನೆ. ಆಮೇಲೆ ಪರದೆ, ಅದರ ಮೂಲೆಯಲ್ಲಿ ಕಸದ ಬುಟ್ಟಿಯ ಚಿತ್ರ. ಪಕ್ಕದ ಸ್ಟೂಲಿನ ಮೇಲೆ ಯಲ್ಲದಕೆರೆಯ ಗೌರಕ್ಕನ ತಮ್ಮ ಕುಳಿತಿದ್ದ.

ಈ ಮುದಿ ಯಂತ್ರಕ್ಕೆ ವಿಂಡೋಸ್ ಭಾರವಾಯಿತೆಂದು ಗೆಳೆಯನೊಬ್ಬ ಅದರ ಬದಲು ಲಿನಕ್ಸ್ ಎಂಬ ಹಗುರವಾದ ವ್ಯವಸ್ಥೆ ಹಾಕಿಕೊಟ್ಟಿದ್ದ. ನಾನು ಸ್ಟುಡಿಯೋ ಶುರು ಮಾಡಿದ ಕಾಲದಲ್ಲಿ ನಮ್ಮ ಕಡೆ ಒಂದೂ ಫೋಟೋ ಇಲ್ಲದೆ ಸತ್ತವರು ಬಹಳ. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆಸುತ್ತಿದ್ದರು. ಅದರಲ್ಲಿ ಕಣ್ಣು ತೆರೆಸುವುದು ಸ್ಟುಡಿಯೋದವರ ಕೆಲಸ. ಬ್ರಷ್ಷಿನಲ್ಲಿ ನಾನು ಬರೆದ ಕಣ್ಣುಗಳಿಂದ ಸತ್ತವರೆಲ್ಲ ಬೆಚ್ಚಿಬಿದ್ದವರಂತೆ ಕಾಣುತ್ತಿದ್ದರು. ಕಂಪ್ಯೂಟರ್ ಬಂದಮೇಲೆ ಜಾಣನಾದೆ. ಮಗನನ್ನೋ ಮಗಳನ್ನೋ ಅದೇ ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆದು, ಅವರ ಕಣ್ಣನ್ನು ಸತ್ತವರಿಗೆ ಜೋಡಿಸುತ್ತಿದ್ದೆ. ಪ್ರಿಂಟ್ ಕೊಟ್ಟಮೇಲೆ ಮುಚ್ಚಿದ ಕಣ್ಣಿನ ಫೋಟೋ ಉಳಿಯಬಾರದೆಂಬುದು ಜನರ ಹಟ. ಬುಟ್ಟಿಗೆ ಹಾಕಿದರೆ ಮರಳಿ ಎತ್ತಿಕೊಳ್ಳಬಹುದು. ಹಾಗಾಗಿ ಶಿಫ್ಟ್ ಕೀಲಿ ಒತ್ತಿ ಹಿಡಿದು ಪೂರ್ತಿಯಾಗಿ ಅಳಿಸುತ್ತಿದ್ದೆ.

ಬಹಳ ವರ್ಷಗಳ ಹಿಂದೆ ಗೌರಕ್ಕನೂ ತನ್ನ ಸತ್ತ ಅವ್ವನದನ್ನು ಎದುರು ನಿಂತೇ ಅಳಿಸಿ ಹಾಕಿಸಿದ್ದಳು. ತಿಂಗಳಾದ ಮೇಲೆ ಕಟ್ಟು ಹಾಕಿಸಿದ ಫೋಟೋವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಳು.

"ಅಣ್ಣ, ಇವು ನನ್ನ ಕಣ್ಣು. ಗ್ವಾಡೆ ಮ್ಯಾಲಿಂದ ನನ್ನನ್ನ ನಾನೇ ನೋಡ್ದಂಗಾಗ್ತೈತೆ. ಅವ್ವನ ಮಖ ಮರ್ತು ಹೋಗ್ತಾ ಐತೆ. ಕಣ್ಣು ಮುಚ್ಚಿದ್ರೂ ಇರ್ಲಿ, ನಮ್ಮವ್ವನ್ನ ಕೊಡ್ರಿ."

ಅಳಿಸಿದಾಗ ಹೋಗುವುದು ಫೈಲಿನ ಹೆಸರಷ್ಟೇ. ಅದರ ಜಾಗದಲ್ಲಿ ಬೇರೆಯದು ಬಂದು ಕೂರುವ ತನಕ ಒಳಗಿನದು ಅಲ್ಲೇ ಬಿದ್ದಿರುತ್ತದೆ. ಅದನ್ನು ಹುಡುಕುವ ಪ್ರೋಗ್ರಾಮ್ ಓಡಿಸಿದೆ. ಒಂದೊಂದೇ ಮುಖ ಮೇಲೆ ಬಂತು, ಹೆಸರಿಲ್ಲದೆ. ನಾನು ಅಳಿಸಿದವರೆಲ್ಲ ಅವರೇ ತಾನೇ! ಪರದೆಯ ತುಂಬ ಕಣ್ಣು ಮುಚ್ಚಿದವರು ಸಾಲಾಗಿ ಕುಳಿತರು. ಹೊರಗೆ ಮಟಮಟ ಮಧ್ಯಾಹ್ನ, ಬಸ್ಸಿನ ಕಂಡಕ್ಟರ್ ಹೊಸದುರ್ಗ, ಹೊಸದುರ್ಗ ಎಂದು ಕೂಗುತ್ತಿದ್ದ. ಆದರೂ ನಾನು ಸ್ಟೂಲನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡೆ.

ಕೊನೆಗೆ ಗೌರಕ್ಕನ ಅವ್ವ ಬಂದಳು, ಅರ್ಧ. ಹಣೆ, ಮುಚ್ಚಿದ ಕಣ್ಣು ಅವ್ವನವು. ಮೂಗಿನಿಂದ ಕೆಳಗೆ ಗೌರಕ್ಕ. ಅವ್ವನದು, ಕಣ್ಣಿಗೆಂದು ತೆಗೆದ ಗೌರಕ್ಕನದು, ಎರಡು ಫೈಲುಗಳ ತುಂಡು ಸೇರಿಕೊಂಡಿದ್ದವು. ಅದೇ ಕುರ್ಚಿ, ಅದೇ ಗೋಡೆಯಾದ್ದರಿಂದ ಗೆರೆಯೂ ಕಾಣುತ್ತಿರಲಿಲ್ಲ. ಕಾರಣ ಗೊತ್ತಿದ್ದರೂ ನಾನು ಮೌಸಿನಿಂದ ಕೈ ತೆಗೆದೆ.

ಗೌರಕ್ಕ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದಳು. "ಅವ್ವ ಸಿಗ್ಲಿಲ್ಲ ಬಿಡ್ರಿ," ಎಂದಳು. "ಇದು ನಾನು. ಹೋದಾಗ ಹಿಂಗೇ ಇರ್ತೀನಿ. ಅಳಿಸಬ್ಯಾಡ್ರಿ."

ಆಮೇಲೆ ಸಂತೆಗೆ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು, "ಐತಾ ಅಣ್ಣ?"

"ಐತಮ್ಮ."

ಇವತ್ತು ಬೆಳಿಗ್ಗೆ ಅವಳ ತಮ್ಮನ ಫೋನ್ ಬಂತು: "ಅಕ್ಕ ಹೋದ್ಲು. ಕ್ಯಾಮೆರಾ ತಗಂಡು ಬರ್ರಿ. ಕಣ್ಣು ತೆರೆಸಬ್ಯಾಡ ಅಂತ ಹೇಳಿದ್ಲು." ಹೋಗಿ ತೆಗೆದೆ. ಪ್ರಿಂಟಿಗೆಂದು ಅವನೂ ನನ್ನ ಜೊತೆಯಲ್ಲೇ ಬಂದ.

ಈಗ ಹಳೆಯ ಫೈಲಿನ ಪಕ್ಕದಲ್ಲಿ ಇವತ್ತಿನ ಫೋಟೋ ತೆರೆದಿಟ್ಟೆ. ಗೌರಕ್ಕನಿಗೂ ಈಗ ಅವ್ವನಷ್ಟೇ ವಯಸ್ಸಾಗಿತ್ತು, ಕಣ್ಣು ಮುಚ್ಚಿದ ಮುಖ ಅವ್ವನದೇ ಅನ್ನುವಂತಿತ್ತು. ಅವಳ ತಮ್ಮ ಹಳೆಯದರ ಕಡೆಗೆ ಕಣ್ಣೇ ಹಾಯಿಸಲಿಲ್ಲ. ಹೊಸದರ ಮೇಲೆ ಬೆರಳಿಟ್ಟ.

"ಅಣ್ಣ, ಅಕ್ಕ ಅಷ್ಟು ವರ್ಷ ಕೇಳ್ತಿದ್ಲಲ್ಲ... ಅವ್ವನ ಈ ಫೋಟೋ ಸಿಕ್ತೇನ್ರಿ?"

ನಾನು ಹಳೆಯ ಫೈಲನ್ನು ಮುಚ್ಚಿದೆ.

"ಸಿಕ್ತಪ್ಪ," ಎಂದೆ.